ಕೆರೆ ಇಳಿದ ಹದಿನೆಂಟು ದಿನ

ಅಕ್ಟೋಬರ್ 23ರ ಬುಧವಾರ ಬೆಳಗ್ಗೆ ಹಾಲಿಸ್ ಮಿಲ್ ಊರಿನ ಕೆರೆಯ ತೂಬು ತೆರೆದರು. ಅಂದಿನಿಂದ ಡೆಲ್ಮರ್ ಕೇಗಲ್ ಕೂತು ಕಾಫಿ ಮುಗಿಸಿದ್ದನ್ನು ಅವರ ಹೆಂಡತಿ ನೆಲ್ಡಾ ನೋಡಿಲ್ಲ. ಅರ್ಧ ಕುಡಿದ ಲೋಟ ಒಂದು ದಿನ ಜಗುಲಿಯ ಕಟಾಂಜನದ ಮೇಲೆ, ಒಂದು ದಿನ ಟ್ರಕ್ಕಿನ ಮೂತಿಯ ಮೇಲೆ, ಒಂದು ದಿನ ಬಟ್ಟೆ ಒಗೆಯುವ ಮಷೀನಿನ ಮೇಲೆ ಸಿಗುತ್ತಿತ್ತು.

"ಕೂತ್ಕೋ ಡೆಲ್ಮರ್. ತಿಂಡಿಗೆ ಮಾಡಿದ ಬಿಸ್ಕಿಟ್ಟು, ಗ್ರೇವಿ ನಿನ್ನ ಹಿಂದೆ ಓಡಿ ಬರಲ್ಲ."

"ಕೆರೆ ನೋಡ್ಕೊಂಡು ಬರ್ತೀನಿ."

"ನಿನ್ನೆ ನೋಡಿದ್ಯಲ್ಲ."

"ನಿನ್ನೆ ಒಂಬತ್ತು ಇಂಚು ಜಾಸ್ತಿ ಇತ್ತು."

ಈ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಅರವತ್ತೊಂಬತ್ತರ ಡೆಲ್ಮರ್ ಊರಿನ ನೀರು ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ದಿನಕ್ಕೆ ಒಂಬತ್ತು ಇಂಚು ಇಳಿದರೆ ಹನ್ನೆರಡು ಅಡಿ ಇಳಿಯಲು ಹದಿನಾರು ದಿನ ಬೇಕು. ಟೊಮೇಟೊ ಗಿಡಕ್ಕೆ ಊರುವ ಕೋಲುಗಳನ್ನು ಟ್ರಕ್ಕಿನಲ್ಲಿ ಇಟ್ಟುಕೊಂಡು, ನೀರಿನ ಅಂಚಿಗೆ ದಿನಕ್ಕೊಂದು ನೆಟ್ಟು ಬರುತ್ತಿದ್ದರು. ಕೆಲಸದಲ್ಲಿದ್ದಾಗ ಅವರು ಪ್ರತಿ ವರ್ಷದ ವರದಿಯಲ್ಲೂ ಒಂದು ಸಾಲು ಬರೆಯುತ್ತಿದ್ದರು: ತೂಬಿನ ಕಬ್ಬಿಣದ ಹಲಗೆಗೆ ತುಕ್ಕು ಹಿಡಿದಿದೆ, ತೆರೆಯುವುದು ಕ್ಷೇಮವಲ್ಲ. ಅದು ಸುಳ್ಳಲ್ಲ. ಆದರೆ 1999ರ ನಂತರದ ವರದಿಗಳಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿರುತ್ತಿತ್ತು.

ಈಗ ತೆರೆಯಲೇಬೇಕಾಗಿ ಬಂತು. ಅಲಬಾಮಾದ ಈ ಭಾಗದಲ್ಲಿ ಹಾಲಿಸ್ ಮಿಲ್‌ನಷ್ಟು ಬೇಗ ಬೆಳೆದ ಊರು ಇಲ್ಲ. ಇಪ್ಪತ್ತು ವರ್ಷದ ಹಿಂದೆ ನಾಲ್ಕು ಸಾವಿರ ಜನ, ಎರಡು ಸಿಗ್ನಲ್ ದೀಪ. ಈಗ ಹನ್ನೊಂದು ಸಾವಿರ, ಒಂಬತ್ತು ದೀಪ. ಹತ್ತಿಯ ಹೊಲವಿದ್ದಲ್ಲಿ ಪಿಕಲ್‌ಬಾಲ್ ಆಟದ ಅಂಗಳಗಳು ಬಂದಿವೆ, ಶನಿವಾರ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಕೆರೆಯ ಸುತ್ತ ನಡೆಯುವ ದಾರಿ ಮುಕ್ಕಾಲು ಮುಗಿದಿದೆ. ಉಳಿದ ಕಾಲು ಭಾಗಕ್ಕೆ ಕಾಲುಸೇತುವೆ ಬೇಕು, ಸೇತುವೆಗೆ ಕಂಬ ಬೇಕು, ಕಂಬ ನೆಡಲು ಕೆರೆ ಇಳಿಯಬೇಕು. ಇಳಿಸಲು ಸಹಿ ಹಾಕಿದವಳು ಊರಿನ ಉದ್ಯಾನ ಮತ್ತು ಮನರಂಜನಾ ವಿಭಾಗದ ಮುಖ್ಯಸ್ಥೆ ಮಾರ್ಲಾ. ಅವಳು ಡೆಲ್ಮರ್ ಅವರ ಒಬ್ಬಳೇ ಮಗಳು.

ಈ ಕೆರೆಯ ತಳದಲ್ಲಿ ಹಳೆಯ ಮನೆತನಗಳ ಮೀನುಗೂಡುಗಳಿವೆ. ಹೊಸ ವರ್ಷದ ದಿನ ಮನೆಯ ಕ್ರಿಸ್ಮಸ್ ಮರದಿಂದ ದೀಪ, ನಕ್ಷತ್ರ ಬಿಚ್ಚಿ, ಬುಡವನ್ನು ಹಳೆಯ ಪೇಂಟ್ ಬಕೆಟ್ಟಿನಲ್ಲಿ ನಿಲ್ಲಿಸಿ ಸಿಮೆಂಟ್ ಸುರಿಯುತ್ತಾರೆ. ಸಿಮೆಂಟ್ ಹಸಿಯಿರುವಾಗ ಮನೆಯ ಚಿಕ್ಕ ಮಗು ಮೊಳೆಯಲ್ಲಿ ತನ್ನ ಹೆಸರು, ಆ ಕ್ರಿಸ್ಮಸ್ಸಿನ ಇಸವಿ ಗೀರುತ್ತದೆ. ಎರಡು ದಿನ ಒಣಗಿದ ಮೇಲೆ ದೋಣಿಯಲ್ಲಿ ಒಯ್ದು ತಮ್ಮ ಜಾಗದಲ್ಲಿ ಮುಳುಗಿಸುತ್ತಾರೆ. ಕೊಂಬೆಗಳ ನಡುವೆ ಕ್ರ್ಯಾಪಿ ಮೀನು ಸೇರುತ್ತದೆ. ಸೀಡರ್ ಮರ ಹತ್ತಾರು ವರ್ಷದಲ್ಲಿ ಕರಗುತ್ತದೆ, ಪೈನ್ ಇನ್ನೂ ಬೇಗ, ಸಿಮೆಂಟಿನ ಗುಂಡು ಉಳಿಯುತ್ತದೆ.

ಗೂಡು ಎಲ್ಲಿದೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ದಡದ ಎರಡು ಗುರುತುಗಳನ್ನು ಒಂದರ ಹಿಂದೆ ಒಂದು ಹೊಂದಿಸಿ, ಇನ್ನೊಂದು ಕಡೆ ಮತ್ತೆರಡನ್ನು ಹೊಂದಿಸಿ, ಎರಡು ಗೆರೆ ಕೂಡುವಲ್ಲಿ ದೋಣಿ ನಿಲ್ಲಿಸುತ್ತಾರೆ. ಬೇರೆಯವರ ಗೂಡಿಗೆ ಗಾಳ ಅಕಸ್ಮಾತ್ ಸಿಕ್ಕಿದರೆ ಎತ್ತಿಕೊಂಡು ಮುಂದೆ ಹೋಗಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಮೀರಿದವರ ಹೆಸರನ್ನು ಯಾರೂ ಕೇಳಿಲ್ಲ.

ಡೆಲ್ಮರ್ ಮೀರಿದ್ದರು.

ನೆಲ್ಡಾಳ ಅಣ್ಣ ರಾಯ್ಸ್ ಟಿಡ್ವೆಲ್ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು. ಪ್ರತಿ ಮೇ ತಿಂಗಳ ಮೊದಲ ಶನಿವಾರ ಅಪ್ಪಂದಿರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಕೆರೆಗಿಳಿಯುವ ಮೀನುಸ್ಪರ್ಧೆಯಲ್ಲಿ ರಾಯ್ಸ್ ಅವರ ಮಗಳು ಡೀನಾ 1997ರಲ್ಲೂ 1998ರಲ್ಲೂ ಕಪ್ ಗೆದ್ದಳು. ಮಾರ್ಲಾಗೆ ಎರಡು ವರ್ಷವೂ ಬೆರಳುದ್ದದ ಮೀನಿಗಿಂತ ದೊಡ್ಡದು ಸಿಗಲಿಲ್ಲ. ಮನೆಗೆ ಬರುವಾಗ ಎಂಟು ವರ್ಷದ ಮಗಳು ಹಿಂದಿನ ಸೀಟಿನಿಂದ ಕೇಳಿದಳು: "ಡ್ಯಾಡಿ, ನಮ್ಮ ಗೂಡಲ್ಲಿ ಮೀನೇ ಇಲ್ವಾ, ಇಲ್ಲಾ ನಿಂಗೆ ಹಿಡಿಯಕ್ಕೆ ಬರಲ್ವಾ?"

ಆ ಚಳಿಗಾಲದಲ್ಲಿ ಡೆಲ್ಮರ್ ಊರಿನ ನೀರಿನ ಟ್ಯಾಂಕಿಗೆ ಬಣ್ಣ ಹೊಡೆಸುವ ಉಸ್ತುವಾರಿಯಲ್ಲಿದ್ದರು. ನೂರಿಪ್ಪತ್ತು ಅಡಿ ಮೇಲಿನಿಂದ ಇಡೀ ಕೆರೆ ಅಂಗೈಯಷ್ಟು ಕಾಣುತ್ತದೆ. ರಾಯ್ಸ್ ಆ ವರ್ಷದ ಮರ ಮುಳುಗಿಸಲು ದೋಣಿ ನಿಲ್ಲಿಸಿದ ಜಾಗವೂ ಕಂಡಿತು. ಫೆಬ್ರವರಿಯ ಎರಡು ಮಂಗಳವಾರ, ಮಂಜು ಕವಿದ ಬೆಳಗ್ಗೆ, ನಾಲ್ಕು ಮುಳ್ಳಿನ ಕೊಕ್ಕೆಗೆ ಹಗ್ಗ ಕಟ್ಟಿ ಅವರು ಮೂರು ಮರಗಳನ್ನು ಗುಂಡುಸಮೇತ ನೂರೈವತ್ತು ಗಜ ಎಳೆದು ತಮ್ಮ ಗೂಡಿಗೆ ಸೇರಿಸಿದರು. ಮೇ ತಿಂಗಳಲ್ಲಿ ಮಾರ್ಲಾ ಒಂದು ಕಿಲೋ ತೂಗುವ ಕ್ರ್ಯಾಪಿ ಹಿಡಿದಳು. ಆ ಕಪ್ ಈಗಲೂ ಟೀವಿಯ ಪಕ್ಕದಲ್ಲಿದೆ.

ಡೆಲ್ಮರ್ ಊಹಿಸದಿದ್ದದ್ದು ರಾಯ್ಸ್ ಏನು ಮಾಡುತ್ತಾರೆ ಎಂಬುದು. ಗೂಡು ಕದ್ದರು ಎಂದು ರಾಯ್ಸ್ ಯಾರನ್ನೂ ಅನುಮಾನಿಸಲಿಲ್ಲ. ಅನುಮಾನಿಸಿದ್ದು ತಮ್ಮ ತಲೆಯನ್ನೇ. ಅವರ ಒಂದು ಗುರುತಾಗಿದ್ದ ದೊಡ್ಡ ಪೈನ್ ಮರ ಮಾರ್ಚ್ ತಿಂಗಳ ಬಿರುಗಾಳಿಗೆ ಬಿದ್ದಿತ್ತು. ಗೆರೆ ತಪ್ಪಿತೆಂದುಕೊಂಡು ಎರಡು ವಸಂತ ಕಾಲ ಕೆರೆಯ ನಡುವೆ ದೋಣಿ ತಿರುಗಿಸುತ್ತ ಗಾಳ ಇಳಿಬಿಟ್ಟು ಹುಡುಕಿದರು. ಮೂರನೆಯ ವರ್ಷ ದೋಣಿ ಮಾರಿದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಇಡೀ ಕುಟುಂಬ ಸೇರಿದಾಗ ಅದೊಂದು ಕತೆಯಾಯಿತು, ಕೆರೆಯನ್ನೇ ಕಳೆದುಕೊಂಡ ರಾಯ್ಸ್‌ನ ಕತೆ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವರು ಡೆಲ್ಮರ್. "ಟರ್ಕಿ ಕೋಳಿ ಎಲ್ಲಿದೆ ಅಂತ ರಾಯ್ಸ್‌ನ ಮಾತ್ರ ಕೇಳ್ಬೇಡಿ, ಮೇಜಿನ ಸುತ್ತ ಎರಡು ವರ್ಷ ಸುತ್ತಾನೆ" ಎಂದರೆ ರಾಯ್ಸ್ ಕೂಡ ನಗುತ್ತಿದ್ದರು.

ಈಗ ರಾಯ್ಸ್‌ಗೆ ಎಪ್ಪತ್ತನಾಲ್ಕು. ಈ ಬೇಸಿಗೆಯಲ್ಲಿ ಎರಡು ಸಲ ಒಲೆ ಆರಿಸದೆ ಮಲಗಿದ್ದರು. ಸೆಪ್ಟೆಂಬರಿನಲ್ಲಿ ಮೊಳೆ ತರಲು ಅಂಗಡಿಗೆ ಟ್ರಕ್ಕಿನಲ್ಲಿ ಹೋಗಿ, ನಡೆದುಕೊಂಡು ವಾಪಸ್ ಬಂದಿದ್ದರು. ಮೊಬೀಲ್ ನಗರದಲ್ಲಿರುವ ಡೀನಾ ಟ್ರಕ್ಕಿನ ಬೀಗದಕೈ ತೆಗೆದುಕೊಳ್ಳುವ, ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯುವ ಮಾತಾಡುತ್ತಿದ್ದಳು. ಬರ್ಮಿಂಗ್‌ಹ್ಯಾಮಿನ ವೈದ್ಯರು ನವೆಂಬರ್ 12ರ ಮಂಗಳವಾರ ಬರಹೇಳಿ, ತುಂಬಿಸಿ ತರಲು ಒಂದು ಫಾರಂ ಕಳಿಸಿದ್ದರು. ನೆಲ್ಡಾ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದಾಗ ಡೆಲ್ಮರ್ ನಿಂತೇ ಕಾರ್ನ್‌ಬ್ರೆಡ್ ತಿನ್ನುತ್ತಿದ್ದರು. ಅದು ಕೆರೆ ಇಳಿಯಲು ಶುರುವಾದ ಒಂಬತ್ತನೆಯ ದಿನ.

ಮರೆವು ಮೊದಲು ಕಂಡದ್ದು ಯಾವಾಗ ಎಂಬ ಪ್ರಶ್ನೆಯ ಮುಂದೆ ನೆಲ್ಡಾ ಬರೆದಳು: ಇಪ್ಪತ್ತೈದು ವರ್ಷದ ಹಿಂದೆ, ಕೆರೆಯಲ್ಲಿ ತನ್ನದೇ ಮೀನುಗೂಡು ಸಿಗದೆ ಹೋಯಿತು.

"ಅದನ್ನ ಯಾಕೆ ಬರೀತೀಯ?"

"ಕೇಳಿದಾರೆ, ಬರೀತೀನಿ. ಪ್ರತಿ ವರ್ಷ ಹೇಳೋನು ನೀನೇ ಅಲ್ವಾ?"

"ಅದು ತಮಾಷೆಗೆ, ನೆಲ್ಡಾ."

"ನಿಂಗೆ ತಮಾಷೆ. ಬರಿ ಅಂತ ಹೇಳಿದ್ದು ಅವನೇ. ಅಲ್ಲಿಂದ್ಲೇ ಶುರುವಾಗಿದ್ದು, ಮುಚ್ಚಿಡಬೇಡ ಅಂದ. ಇಷ್ಟು ವರ್ಷದ ಕಾಯಿಲೆ ಅಂದ್ರೆ ಡಾಕ್ಟರು ಇನ್ನು ಟ್ರಕ್ ಓಡ್ಸೋಕೆ ಬಿಡಲ್ಲ." ಅವಳು ತಲೆಯೆತ್ತಿ ನೋಡಿದಳು. "ಚೂರೆಲ್ಲ ನೆಲಕ್ಕೆ ಬೀಳ್ತಿದೆ. ತಟ್ಟೆ ಹಿಡ್ಕೋ."

ಡೆಲ್ಮರ್ ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಹಿತ್ತಲಿನಿಂದ ಟ್ರಕ್ಕಿಗೆ, ಟ್ರಕ್ಕಿನಿಂದ ಕೆರೆಗೆ.

ಅಲ್ಲಿ ಮಾರ್ಲಾ ಕಾಗದ ಸಿಕ್ಕಿಸಿದ ಬರೆಯುವ ರಟ್ಟು ಹಿಡಿದು ನಿಂತಿದ್ದಳು. ತಳ ಕಂಡ ಕೂಡಲೇ ಗೂಡುಗಳನ್ನೆಲ್ಲ ಗುರುತಿಸಿ, ನಕ್ಷೆ ಮಾಡಿ, ಕೆರೆ ತುಂಬಿದ ಮೇಲೆ ಒಂದೊಂದರ ಮೇಲೂ ತೇಲುಬುಂಡೆ ಬಿಡುವುದು ಅವಳ ಯೋಜನೆ. ಶನಿವಾರ, ನವೆಂಬರ್ 9ರಂದು, ಸ್ವಯಂಸೇವಕರು ಬರುವವರಿದ್ದರು.

"ಗೂಡು ಮನೆತನದ್ದು, ಮಾರ್ಲಾ. ಊರಿಗೆಲ್ಲ ತೋರ್ಸೋದಲ್ಲ."

"ಕೆರೆ ಊರಿಂದು, ಡ್ಯಾಡಿ. ಏಳು ಸಾವಿರ ಜನ ಹೊಸಬರು ಬಂದಿದಾರೆ. ಅವರ ಮಕ್ಕಳೂ ಒಂದು ಮೀನು ಹಿಡೀಲಿ. ಎಂಟು ವರ್ಷಕ್ಕೆ ಬರಿಗೈಲಿ ಮನೆಗೆ ಹೋಗೋದು ಹೆಂಗಿರತ್ತೆ ಅಂತ ನಂಗೊತ್ತು."

ಡೆಲ್ಮರ್ ಇನ್ನೊಂದು ಕೋಲು ನೆಡಲು ನೀರಿನ ಕಡೆ ನಡೆದರು.

ರಾಯ್ಸ್ ಪ್ರತಿ ಮಧ್ಯಾಹ್ನ ಮಡಚುವ ಕುರ್ಚಿ ತಂದು ದಡದಲ್ಲಿ ಹಾಕಿಕೊಂಡು, ಬೇಯಿಸಿದ ಕಡಲೆಕಾಯಿ ಸುಲಿಯುತ್ತ, ಸಿನಿಮಾ ನೋಡುವಂತೆ ನೋಡುತ್ತಿದ್ದರು. ನೀರಿನಿಂದ ಮೊದಲು ಟೈರುಗಳೆದ್ದವು, ಆಮೇಲೆ ಅಂಗಡಿಯ ತಳ್ಳುಗಾಡಿ, ಆಮೇಲೆ ಯಾರದೋ ಕಬ್ಬಿಣದ ಮಂಚ. ಡೆಲ್ಮರ್ ಅವರ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದರು.

"ಇರುವೆ ಗೂಡಿನ ಮೇಲೆ ನಿಂತಂಗೆ ಆಡ್ತೀಯಲ್ಲೋ" ಎಂದರು ರಾಯ್ಸ್. "ಕೂತ್ಕೋ. ಕಡಲೆಕಾಯಿ ತಗೋ."

"ಬೇಡ."

"ನಂದು ಎಲ್ಲಾದ್ರೂ ಕಾಣತ್ತೇನೋ ಅಂತ ನಾನು ಕಾಯ್ತಿದೀನಿ. ನಿಂದೇನು ಕಳ್ದಿದೆ?"

ಡೆಲ್ಮರ್ ಮತ್ತೆ ನೀರಿನ ಅಂಚಿನ ಕೋಲುಗಳನ್ನು ಎಣಿಸಲು ಹೋದರು. ರಾಯ್ಸ್ ಇನ್ನೊಂದು ಕಡಲೆಕಾಯಿ ಸುಲಿದರು.

ಲೆಕ್ಕ ತಪ್ಪಲಿಲ್ಲ. ಹದಿನಾರನೆಯ ದಿನ, ಗುರುವಾರ, ಕೇಗಲ್ ಗೂಡಿನ ಜಾಗದಲ್ಲಿ ಕೆಸರಿನಿಂದ ಗುಂಡುಗಳ ನೆತ್ತಿ ಕಂಡಿತು. ದಡದಿಂದ ಎಂಬತ್ತು ಗಜ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಡೆಲ್ಮರ್ ಸುತ್ತಿಗೆ, ಉಳಿ ಹಿಡಿದು ಕೆಸರಿಗಿಳಿದರು. ಮೂರು ಗುಂಡುಗಳ ಮೇಲಿನ ಹೆಸರು ಕೆತ್ತಿ ಹಾಕಿದರೆ ಸಾಕಿತ್ತು. ಇಪ್ಪತ್ತು ಗಜ ಹೋಗುವಷ್ಟರಲ್ಲಿ ತೊಡೆಯವರೆಗೆ ಹೂತರು. ಹೊಟ್ಟೆಯ ಮೇಲೆ ಮಲಗಿ, ತೆವಳಿಕೊಂಡು ದಡ ಸೇರಲು ಮುಕ್ಕಾಲು ಗಂಟೆ ಹಿಡಿಯಿತು. ಎಡಗಾಲಿನ ಬೂಟು ಕೆರೆಯಲ್ಲೇ ಉಳಿಯಿತು. ನಡೆಯುವ ದಾರಿಯಲ್ಲಿ ನಾಯಿ ಹಿಡಿದು ಬಂದ ಹೊಸಬರೊಬ್ಬರು ಕುಶಲ ಕೇಳಿದರು. ಆಮೆ ಹುಡುಕುತ್ತಿದ್ದೆ ಎಂದರು ಡೆಲ್ಮರ್.

ಶನಿವಾರ ಹದಿನೆಂಟನೆಯ ದಿನ. ಮಾರ್ಲಾ ಇಡೀ ಟ್ರಕ್ ಪ್ಲೈವುಡ್ ತರಿಸಿದ್ದಳು. ಒಂದು ಹಲಗೆ ಹಾಕಿ, ಅದರ ಮೇಲೆ ನಿಂತು ಮುಂದಿನದನ್ನು ಹಾಕಿ, ಹಿಂದಿನದನ್ನು ಎತ್ತಿ ಮತ್ತೆ ಮುಂದೆ ಹಾಕಿದರೆ ಕೆಸರಿನ ಮೇಲೆ ನಡೆಯಬಹುದು. ಸ್ವಯಂಸೇವಕರು ಕೆರೆಯ ಮೇಲ್ತುದಿಗೆ ಹೋದರು. ತಮ್ಮ ಮನೆತನದ ಗೂಡನ್ನು ತಾವೇ ತೋರಿಸುತ್ತೇವೆಂದು ಡೆಲ್ಮರ್ ಹಟ ಹಿಡಿದಿದ್ದರು. ಮೊದಲು ತಾವು ತಲುಪಿ ಗುಂಡುಗಳನ್ನು ಮಗುಚಿ ಹಾಕುವ ಯೋಚನೆ ಅವರದು. ಆದರೆ ಮಾರ್ಲಾ ಜೊತೆಗೇ ಬಂದಳು. ರಾಯ್ಸ್ ಕುರ್ಚಿ ಮಡಚಿ, "ನಾನೂ ಬರ್ತೀನಿ, ಹಲಗೆ ಕೆಲಸ ನಂದು" ಎಂದು ಹಿಂದೆ ಬಂದರು.

ಕೇಗಲ್‌ಗಳ ಗುಂಡುಗಳು ಒಂಬತ್ತು ಇದ್ದವು. ಮಾರ್ಲಾ ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿ ಓದಿದಳು. ಮಾರ್ಲಾ 1995. ಮಾರ್ಲಾ 1997. ಏಳನೆಯದನ್ನು ಅವಳು ಎರಡು ಸಲ ಒರೆಸಿದಳು. ಎಂಟು, ಒಂಬತ್ತು ಒರೆಸಿದಳು.

"ಡೀನಾ" ಎಂದಳು. "ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ರಾಯ್ಸ್ ಮಾಮ, ಇವು ನಿಮ್ಮವು."

ರಾಯ್ಸ್ ಬಗ್ಗಿ, ಮಗಳ ಕೈಬರಹದ ಗೀರುಗಳಲ್ಲಿ ಬೆರಳಾಡಿಸಿದರು. ಡೆಲ್ಮರ್ ತಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. ಹಲಗೆಯ ಅಡಿಯಲ್ಲಿ ಕೆಸರು ಪಚಕ್ಕೆಂದಿತು. ಇಪ್ಪತ್ತೈದು ವರ್ಷ ಅವರು ಕಾಯ್ದ ಗಳಿಗೆ ಅದು. ಬೈಗುಳಕ್ಕೂ ಹೊಡೆತಕ್ಕೂ ಸಿದ್ಧರಾಗಿದ್ದರು.

"ನೋಡು ಡೆಲ್ಮರ್" ಎಂದರು ರಾಯ್ಸ್, ಮೆಲ್ಲಗೆ. "ನನ್ನ ಮರಾನ ನಾನೇ ತಂದು ನಿನ್ನ ಗೂಡಿಗೆ ಹಾಕಿದೀನಿ. ಒಂದಲ್ಲ, ಮೂರು ವರ್ಷ. ಹಾಕಿ, ಅಲ್ಲೆಲ್ಲೋ ಹೋಗಿ ಹುಡುಕಿದೀನಿ." ನಗಲು ನೋಡಿದರು. "ಕ್ಷಮಿಸಪ್ಪ. ನಿನ್ನ ಜಾಗಕ್ಕೆ ಬಂದ್ಬಿಟ್ಟಿದ್ದೆ."

"ಆದ್ರೆ ಮಾಮ, ತೊಂಬತ್ತೇಳು, ತೊಂಬತ್ತೆಂಟರಲ್ಲಿ ಡೀನಾ ಕಪ್ ಗೆದ್ಲಲ್ಲ. ಆ ಮೀನನ್ನ ಎಲ್ಲಿ ಹಿಡಿದ್ರಿ?"

"ಅದೇ ಗೊತ್ತಾಗ್ತಿಲ್ಲ ಮಗಳೇ. ನನ್ನ ತಲೇಲಿ ಆ ಜಾಗ ಸ್ಪಷ್ಟವಾಗಿದೆ. ಹೋದ ತಿಂಗಳದ್ದು ಇಲ್ಲ, ಅದು ಇದೆ. ಆದ್ರೆ ಅದೂ ಸುಳ್ಳು ಅಂತಾಯ್ತಲ್ಲ." ಅವರು ಹಲಗೆಯ ಮೇಲೆ ಕೂತರು. "ಬೀಗದಕೈ ಡೀನಾಗೆ ನಾನೇ ಕೊಟ್ಬಿಡ್ತೀನಿ. ಡಾಕ್ಟರ್ ಹತ್ರ ಹೋಗೋದೇ ಬೇಡ."

ಡೆಲ್ಮರ್‌ಗೆ ಇನ್ನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಹದಿನೆಂಟು ದಿನದಲ್ಲಿ ಅವರಿಗೆ ಬಾರದೇ ಇದ್ದದ್ದು ಅದೊಂದೇ.

"ನೀನು ಹಾಕಿದ್ದಲ್ಲ" ಎಂದರು. "ನಾನು ಎಳ್ಕೊಂಡು ಬಂದೆ. ತೊಂಬತ್ತೊಂಬತ್ತರ ಫೆಬ್ರವರಿ. ಟ್ಯಾಂಕಿನ ಮೇಲಿಂದ ನಿನ್ನ ದೋಣಿ ನೋಡಿದ್ದೆ."

ಮಾರ್ಲಾ ಒದ್ದೆ ಬಟ್ಟೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ರಾಯ್ಸ್ ತಲೆಯೆತ್ತಲಿಲ್ಲ.

"ಯಾತ್ರಲ್ಲಿ ಎಳ್ದೆ?"

"ನಾಲ್ಕು ಮುಳ್ಳಿನ ಕೊಕ್ಕೆ. ಅರ್ಧ ಇಂಚಿನ ಹಗ್ಗ."

"ಎಷ್ಟು ದಿನ?"

"ಎರಡು ಬೆಳಗ್ಗೆ."

"ಎಷ್ಟು ಮರ?"

"ಮೂರು. ಇದ್ದಿದ್ದೇ ಮೂರು."

"ನಾಲ್ಕಿತ್ತು" ಎಂದರು ರಾಯ್ಸ್.

ಆಗ ಅವರು ತಲೆಯೆತ್ತಿದರು. ಡೆಲ್ಮರ್ ಮುಖ ನೋಡಲಿಲ್ಲ, ದಡ ನೋಡಿದರು. "ಮೊದಲ್ನೇದು ತೊಂಬತ್ತೈದರದ್ದು. ಡೀನಾಗೆ ಆಗ ಐದು ವರ್ಷ, ಹೆಸರಲ್ಲಿ ಒಂದಕ್ಷರ ತಿರುಗಾಮುರುಗಾ ಬರ್ದಿದ್ಲು. ಸೀಡರ್ ಅಲ್ಲ, ಪೈನ್. ಎರಡೇ ವರ್ಷಕ್ಕೆ ಕರಗೋಯ್ತು. ಅದಕ್ಕೇ ನಿನ್ನ ಕೊಕ್ಕೆಗೆ ಸಿಕ್ಕಿಲ್ಲ. ಗುಂಡು ಅಲ್ಲೇ ಇರ್ಬೇಕು." ಅವರು ಎದ್ದರು. "ಹಲಗೆ ತಗೋ."

ನೂರೈವತ್ತು ಗಜಕ್ಕೆ ಒಂದು ಗಂಟೆ ಹಿಡಿಯಿತು. ರಾಯ್ಸ್ ಮುಂದೆ, ಮಾರ್ಲಾ ನಡುವೆ, ಹಿಂದಿನ ಹಲಗೆ ಕಿತ್ತು ಮುಂದಕ್ಕೆ ದಾಟಿಸುವ ಕೆಲಸ ಡೆಲ್ಮರ್‌ದು. ಒಮ್ಮೆ ಮಾರ್ಲಾ ಹಲಗೆಗೆ ಕೈಯೊಡ್ಡುತ್ತ, "ಹಾಗಾದ್ರೆ ನನ್ನ ಕಪ್ಪಿನ ಮೀನು ಡೀನಾದು" ಎಂದಳು.

"ಹಿಡಿದಿದ್ದು ನೀನೇ."

"ನಾನು ಹೇಳಿದ್ದು ಅದಲ್ಲ, ಡ್ಯಾಡಿ."

ರಾಯ್ಸ್ ನಿಂತು ದಡ ಹೊಂದಿಸಿದರು. ಬ್ಯಾಪ್ಟಿಸ್ಟ್ ಚರ್ಚಿನ ಗೋಪುರ ದೋಣಿಮನೆಯ ಹೊಗೆಗೂಡಿನ ಮೇಲೆ ಕೂತಿತು. ಇನ್ನೊಂದು ಕಡೆ, ನೀರಿನ ಟ್ಯಾಂಕಿನ ಎಡಗಾಲು ಪೈನ್ ಮರದ ಹಿಂದೆ ಬರಬೇಕು. ಪೈನ್ ಇಲ್ಲ. ಅದರ ಬುಡವಿದ್ದಲ್ಲಿ ನಡೆಯುವ ದಾರಿಯವರು ಒಂದು ಬೆಂಚು ಹಾಕಿದ್ದಾರೆ, ಅಲ್ಲಿ ಒಂದು ಹೊಸ ಕುಟುಂಬ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿತ್ತು. ರಾಯ್ಸ್ ಅರ್ಧ ಹೆಜ್ಜೆ ಎಡಕ್ಕೆ ಸರಿದರು. ಮತ್ತೆ ಅರ್ಧ ಹೆಜ್ಜೆ.

"ಇಲ್ಲಿ."

ಕೆಸರಲ್ಲಿ ಗುಂಡು ತಡಕಲು ಮಾರ್ಲಾ ತಂದಿದ್ದ ಕಬ್ಬಿಣದ ಸರಳನ್ನು ಡೆಲ್ಮರ್ ಇಸಿದುಕೊಂಡು ಕೆಸರಿಗೆ ಒತ್ತಿದರು. ಮೊದಲ ಸಲ ಸುಮ್ಮನೆ ಇಳಿಯಿತು. ಒಂದು ಗೇಣು ಪಕ್ಕಕ್ಕೆ ಒತ್ತಿದರು, ಇಳಿಯಿತು. ಮೂರನೆಯ ಸಲ ಮೊಣಕೈ ಆಳದಲ್ಲಿ ಸರಳು ಟಕ್ಕೆಂದು ನಿಂತಿತು. ಡೆಲ್ಮರ್ ಮಂಡಿಯೂರಿ ಕೈಯಿಂದ ಕೆಸರು ತೆಗೆದರು. ಐದು ವರ್ಷದ ಮಗುವಿನ ಅಕ್ಷರ, ಒಂದು ತಿರುಗಾಮುರುಗಾ.

ರಾಯ್ಸ್ ಬಗ್ಗಿ ಆ ಅಕ್ಷರದ ಗೀರಿನಲ್ಲಿ ಉಳಿದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು.

"ಮಾರ್ಲಾ, ಇದನ್ನ ನಿನ್ನ ನಕ್ಷೆಗೆ ಹಾಕ್ಕೋ. ಆಮೇಲೆ ನಿಮ್ಮಮ್ಮಂಗೆ ಫೋನ್ ಮಾಡು. ಫಾರಂನಲ್ಲಿ ಆ ಸಾಲು ಹೊಡೆದು ಹಾಕಕ್ಕೆ ಹೇಳು. ಒಲೆ ನಂದೇ. ಟ್ರಕ್ ಬಿಟ್ಟು ಬಂದಿದ್ದೂ ನಾನೇ, ಅದನ್ನ ಬರೀಲಿ. ಕೆರೆ ನಂದಲ್ಲ."

"ಸರಿ, ಮಾಮ."

"ರಾಯ್ಸ್" ಎಂದರು ಡೆಲ್ಮರ್, ಮಂಡಿಯೂರಿದಲ್ಲಿಂದಲೇ.

"ಥ್ಯಾಂಕ್ಸ್‌ಗಿವಿಂಗ್‌ಗೆ ಆ ಕತೆ ಈ ಸಲವೂ ನೀನೇ ಹೇಳ್ತೀಯ" ಎಂದರು ರಾಯ್ಸ್. "ಎದ್ದು ನಿಂತು. ಡೀನಾ ಬಂದು ಕೂತ ಮೇಲೆ. ಸಿಹಿ ಬಡಿಸೋಕೆ ಮುಂಚೆ. ಅಲ್ಲಿವರೆಗೂ ನನ್ನ ಹತ್ರ ಏನೂ ಮಾತಾಡ್ಬೇಡ."

ಹಬ್ಬಕ್ಕೆ ಹತ್ತೊಂಬತ್ತು ದಿನವಿತ್ತು. ರಾಯ್ಸ್ ದಡದ ಕಡೆ ತಿರುಗಿ, ಹಲಗೆಗಾಗಿ ಹಿಂದಕ್ಕೆ ಕೈ ಚಾಚಿದರು. ಡೆಲ್ಮರ್ ಎದ್ದು, ತಾವು ನಿಂತಿದ್ದ ಹಲಗೆಯ ಹಿಂದಿನದನ್ನು ಕೆಸರಿನಿಂದ ಕಿತ್ತು, ಮುಂದಕ್ಕೆ ದಾಟಿಸಿದರು.